ನೀರು ಮೇಲಿನಿಂದ ಕೆಳಕ್ಕೆ: ಸಿಗಡಿ ಮರಿಗಳ ಚಿತ್ರ ತೆಗೆಯುವ ಉಪಕರಣಕ್ಕೆ ಪೇಟೆಂಟ್ ಪಡೆದ ನನ್ನ ಅನುಭವ

ಮಂಗಳೂರಿನಲ್ಲಿ ಕಾಲೇಜುಗಳ ಮತ್ತು ಲ್ಯಾಬುಗಳ ಸೂಕ್ಷ್ಮದರ್ಶಕಗಳನ್ನು ದುರಸ್ತಿ ಮಾಡುವುದು ನನ್ನ ವೃತ್ತಿ. ನೀರಿನಲ್ಲಿ ಹರಿದು ಹೋಗುವ ಸಿಗಡಿ ಮರಿಗಳ ಚಿತ್ರ ತೆಗೆದು ಎಣಿಸುವ ಉಪಕರಣವೊಂದನ್ನು ಮಾಡಿ, 2020ರ ಜುಲೈಯಿಂದ 2024ರ ಏಪ್ರಿಲ್‌ವರೆಗೆ ಅದರ ಪೇಟೆಂಟ್ ಅರ್ಜಿಯನ್ನು ಏಜೆಂಟರ ನೆರವಿಲ್ಲದೆ ನಾನೇ ನಡೆಸಿದೆ. ಅರ್ಜಿ ಹಾಕುವುದು ಹೇಗೆ ಎಂಬುದನ್ನು ತಿಳಿಸುವವರು ಬಹಳ ಮಂದಿ ಇದ್ದಾರೆ. ಪೇಟೆಂಟ್ ಕಚೇರಿ ಅರ್ಜಿಯನ್ನು ಪರೀಕ್ಷಿಸುವ ಹಂತದಲ್ಲಿ ಏನು ನಡೆಯುತ್ತದೆ ಎಂಬುದನ್ನು ಕನ್ನಡದಲ್ಲಿ ವಿವರವಾಗಿ ಹೇಳಿದವರು ನನಗೆ ಸಿಗಲಿಲ್ಲವಾದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಗಂಗೊಳ್ಳಿಯ ಹಿನ್ನೀರಿನ ಬದಿಯಲ್ಲಿ ನನ್ನ ಗೆಳೆಯನಿಗೆ ಸಿಗಡಿ ಕೆರೆಗಳಿವೆ. ಅವನು ಸಾಕುವುದು ವನಾಮಿ ಸಿಗಡಿ. ಮರಿಗಳು ಪೂರ್ವ ಕರಾವಳಿಯ ಹ್ಯಾಚರಿಗಳಿಂದ, ಆಮ್ಲಜನಕ ತುಂಬಿದ ಪಾಲಿಥಿನ್ ಚೀಲಗಳಲ್ಲಿ, ರಾತ್ರಿಯಿಡೀ ಪ್ರಯಾಣ ಮಾಡಿ ಬರುತ್ತವೆ. ಹಣ ಕೊಡುವುದು ಮರಿಗಳ ಲೆಕ್ಕಕ್ಕೆ, ಅದೂ ಲಕ್ಷಗಳಲ್ಲಿ. ಚೀಲವೊಂದನ್ನು ಆರಿಸಿ, ಬಿಳಿ ಬೇಸಿನ್ನಿಗೆ ಸುರಿದು, ಚಹಾ ಸೋಸುವ ಜಾಲರಿಯಿಂದ ಸ್ವಲ್ಪ ಸ್ವಲ್ಪವೇ ಎತ್ತಿ ಎಣಿಸಿ, ಉಳಿದ ಚೀಲಗಳಿಗೆ ಗುಣಿಸುವುದು ರೂಢಿ. ಒಂದು ಸೆಂಟಿಮೀಟರಿನಷ್ಟು ಉದ್ದದ ಆ ಮರಿಯ ಮೈ ಗಾಜಿನಂತೆ ಪಾರದರ್ಶಕವಾಗಿರುತ್ತದೆ. ಟಾರ್ಚ್ ಹಿಡಿದರೆ ಎರಡು ಕಪ್ಪು ಕಣ್ಣುಗಳು, ಬೆನ್ನಿನುದ್ದಕ್ಕೆ ಕರುಳಿನ ಒಂದು ಗೆರೆ, ಇಷ್ಟೇ ಕಾಣುವುದು. ಬೆಳಗಿನ ನಾಲ್ಕು ಗಂಟೆಯ ಹೊತ್ತಿಗೆ ಬೇಸಿನ್ನಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಎಣಿಸುತ್ತಿದ್ದ ಅವನನ್ನು ಕಂಡಾಗ, ಇದು ನನ್ನ ವೃತ್ತಿಗೆ ಸೇರಿದ ಸಮಸ್ಯೆ ಎಂದು ನನಗೆ ಅನ್ನಿಸಿತು. ಬಣ್ಣವಿಲ್ಲದ ಜೀವಿಯನ್ನು ಕಾಣಿಸಲು ಸೂಕ್ಷ್ಮದರ್ಶಕದಲ್ಲಿ ನಾವು ಡಾರ್ಕ್ ಫೀಲ್ಡ್ ಬಳಸುತ್ತೇವೆ. ಬೆಳಕನ್ನು ಓರೆಯಾಗಿ ಬಿಟ್ಟರೆ ಹಿನ್ನೆಲೆ ಕಪ್ಪಾಗುತ್ತದೆ, ಜೀವಿಯ ಅಂಚು ಮಾತ್ರ ಬೆಳಗುತ್ತದೆ.

ಎಂಟು ಮಿಲಿಮೀಟರ್ ಅಂತರದಲ್ಲಿ ಎರಡು ಗಾಜುಗಳನ್ನು ನಿಲ್ಲಿಸಿ ಚಪ್ಪಟೆಯಾದ ನಾಳವೊಂದನ್ನು ಮಾಡಿದೆ. ಮರಿಗಳು ಬೆದರದಿರಲೆಂದು 850 ನ್ಯಾನೋಮೀಟರಿನ ಅವಕೆಂಪು ಎಲ್‌ಇಡಿಗಳನ್ನು ಅಂಚುಗಳಿಂದ ಓರೆಯಾಗಿ ಕೂರಿಸಿ, ಎದುರಿಗೆ ಕ್ಯಾಮೆರಾ ಇಟ್ಟೆ. ಚಿತ್ರ ಚೆನ್ನಾಗಿಯೇ ಬಂತು, ಲೆಕ್ಕ ಮಾತ್ರ ತಪ್ಪಿತು. ಕಾರಣ ಗಾಳಿಗುಳ್ಳೆಗಳು. ಮರಿಗಳಿರುವ ನೀರಿಗೆ ಸದಾ ಗಾಳಿ ಊದುತ್ತಿರಬೇಕು, ಹಾಗಾಗಿ ಗುಳ್ಳೆಗಳು ತಪ್ಪಿದ್ದಲ್ಲ; ಓರೆ ಬೆಳಕಿನಲ್ಲಿ ಪ್ರತಿ ಗುಳ್ಳೆಯೂ ಎರಡು ಪ್ರಕಾಶಮಾನ ಚುಕ್ಕೆಗಳಾಗಿ ಮಿನುಗಿ ಮರಿಯೊಂದಿಗೆ ಬೆರೆತುಹೋಗುತ್ತಿತ್ತು. ಸಾಫ್ಟ್‌ವೇರಿನಲ್ಲಿ ಇವನ್ನು ಬೇರ್ಪಡಿಸಲು ಐದಾರು ತಿಂಗಳು ಹೆಣಗಿದೆ. ಕೊನೆಗೆ ಒಂದು ಸಂಜೆ, ಪೈಪುಗಳನ್ನು ಅದಲು ಬದಲು ಜೋಡಿಸಿದ್ದರಿಂದ ನೀರು ಮೇಲಿನಿಂದ ಕೆಳಕ್ಕೆ ಹರಿಯತೊಡಗಿತು. ಪರದೆಯ ಮೇಲೆ ಗುಳ್ಳೆಗಳು ಒಮ್ಮೆಗೇ ವಿರಳವಾದವು. ಒಂದು ಮಿಲಿಮೀಟರ್ ವ್ಯಾಸದ ಗುಳ್ಳೆ ನೀರಿನಲ್ಲಿ ಸೆಕೆಂಡಿಗೆ ಹತ್ತು ಸೆಂಟಿಮೀಟರಿಗೂ ಹೆಚ್ಚು ವೇಗದಲ್ಲಿ ಮೇಲೇರುತ್ತದೆ. ಕೆಳಮುಖ ಹರಿವಿನ ವೇಗ ಅದಕ್ಕಿಂತ ಕಡಿಮೆಯಿದ್ದರೆ ಅಂಥ ಗುಳ್ಳೆ ಕ್ಯಾಮೆರಾದ ಕಿಟಕಿಯವರೆಗೆ ಇಳಿಯಲಾರದು, ಮರಿ ಇಳಿಯುತ್ತದೆ. ನಾಳ ಖಾಲಿಯಾಗದಿರಲೆಂದು ಹೊರಹರಿವಿನ ಪೈಪನ್ನು ಹಂಸದ ಕತ್ತಿನಂತೆ ಮತ್ತೆ ಮೇಲಕ್ಕೆ ಬಾಗಿಸಿದೆ. ಅಂದಿನ ನೋಟ್‌ಪುಸ್ತಕದ ಪುಟದಲ್ಲಿ ಒಂದು ಕೆಳಮುಖ ಬಾಣವೂ "ಹರಿವು ಗುಳ್ಳೆಗಿಂತ ನಿಧಾನ" ಎಂಬ ಒಂದು ಸಾಲೂ ಇವೆ.

2020ರ ಜುಲೈಯಲ್ಲಿ ತಾತ್ಕಾಲಿಕ ವಿವರಣೆಯೊಂದಿಗೆ ಅರ್ಜಿ ಹಾಕಿದೆ. ಕರ್ನಾಟಕದವರ ಅರ್ಜಿ ಚೆನ್ನೈ ಪೇಟೆಂಟ್ ಕಚೇರಿಯ ವ್ಯಾಪ್ತಿಗೆ ಬರುತ್ತದೆ. ಆನ್‌ಲೈನ್ ಸಲ್ಲಿಕೆಗೆ ಡಿಜಿಟಲ್ ಸಹಿ ಬೇಕು. ವ್ಯಕ್ತಿಯೊಬ್ಬನಿಗೆ ಅರ್ಜಿಯ ಶುಲ್ಕ 1,600 ರೂಪಾಯಿ. ಹನ್ನೆರಡು ತಿಂಗಳೊಳಗೆ ಪೂರ್ಣ ವಿವರಣೆ ಕೊಡಬೇಕೆಂಬ ನಿಯಮದಂತೆ 2021ರ ಜೂನ್‌ನಲ್ಲಿ ಅದನ್ನೂ, ಜೊತೆಗೆ 4,000 ರೂಪಾಯಿ ಕಟ್ಟಿ ಪರೀಕ್ಷೆಯ ಕೋರಿಕೆಯಾದ ಫಾರ್ಮ್ 18ನ್ನೂ ಸಲ್ಲಿಸಿದೆ. ಈ ಕೋರಿಕೆ ಸಲ್ಲಿಸದ ಅರ್ಜಿಯನ್ನು ಯಾರೂ ಪರೀಕ್ಷೆಗೆ ಎತ್ತಿಕೊಳ್ಳುವುದಿಲ್ಲ, ಅವಧಿ ಮೀರಿದರೆ ಅರ್ಜಿಯನ್ನು ಹಿಂಪಡೆದಂತೆಯೇ ಲೆಕ್ಕ.

ನನ್ನ ದೊಡ್ಡ ತಪ್ಪು ನಡೆದದ್ದು ಕ್ಲೇಮುಗಳನ್ನು ಬರೆಯುವಾಗ. ನಾವು ಯಾವುದರ ಮೇಲೆ ಹಕ್ಕು ಕೇಳುತ್ತೇವೆ ಎಂಬುದನ್ನು ಗೆರೆ ಹಾಕಿ ಹೇಳುವ ವಾಕ್ಯಗಳೇ ಕ್ಲೇಮುಗಳು. ಪೇಟೆಂಟಿನ ಬೆಲೆಯೆಲ್ಲ ಅಲ್ಲಿರುತ್ತದೆ. ಹತ್ತನ್ನು ಮೀರಿದರೆ ಹೆಚ್ಚುವರಿ ಶುಲ್ಕವಿರುವುದರಿಂದ ಹತ್ತಕ್ಕೇ ನಿಲ್ಲಿಸಿದೆ. ಮೊದಲನೆಯದರಲ್ಲಿ ನಾಳ, ಅವಕೆಂಪು ಬೆಳಕು, ಕ್ಯಾಮೆರಾ ಮತ್ತು ಎಣಿಸುವ ಸಂಸ್ಕಾರಕ (ಪ್ರೊಸೆಸರ್) ಇದ್ದವು. ನೀರು ಯಾವ ದಿಕ್ಕಿಗೆ ಹರಿಯುತ್ತದೆ ಎಂಬುದು ಯಾವ ಕ್ಲೇಮಿನಲ್ಲೂ ಇರಲಿಲ್ಲ. ವ್ಯಾಪಕವಾಗಿ ಕೇಳಿದಷ್ಟೂ ಹೆಚ್ಚು ಸಿಗುತ್ತದೆ ಎಂದು ನಾನು ನಂಬಿದ್ದೆ. ಆದರೂ ನೋಟ್‌ಪುಸ್ತಕದಲ್ಲಿದ್ದುದನ್ನೆಲ್ಲ ಬಿಡದೆ ವಿವರಣೆಯ ಭಾಗಕ್ಕೆ ಇಳಿಸಿದ್ದೆ. ಆರನೆಯ ಪುಟದಲ್ಲಿ, ಸೆಕೆಂಡಿಗೆ 30ರಿಂದ 70 ಮಿಲಿಮೀಟರ್ ವೇಗದ ಕೆಳಮುಖ ಹರಿವಿನಲ್ಲಿ ಒಂದು ಮಿಲಿಮೀಟರಿಗಿಂತ ದೊಡ್ಡ ಗುಳ್ಳೆಗಳು ಕಿಟಕಿಗೆ ಬರುವುದಿಲ್ಲ ಎಂಬ ವಾಕ್ಯವಿತ್ತು, ಎರಡನೆಯ ಚಿತ್ರದಲ್ಲಿ ಆ ಬಾಣವಿತ್ತು.

ಮೊದಲ ಪರೀಕ್ಷಾ ವರದಿ 2023ರ ಫೆಬ್ರವರಿಯಲ್ಲಿ ಬಂತು. ಆ ವರದಿಯ ಸಾರಾಂಶದ ಕೋಷ್ಟಕವನ್ನು ಮೊದಲ ಬಾರಿ ನೋಡಿದವರಿಗೆ ಎದೆ ಕುಸಿಯುವುದು ಸಹಜ: ನವೀನತೆಯ ಮುಂದೆ ಒಂದರಿಂದ ನಾಲ್ಕರವರೆಗಿನ ಕ್ಲೇಮುಗಳಿಗೆ ಇಲ್ಲ, ಆವಿಷ್ಕಾರದ ಹೆಜ್ಜೆಯ, ಅಂದರೆ ಆ ಕ್ಷೇತ್ರದಲ್ಲಿ ನುರಿತವನಿಗೂ ಸುಲಭಕ್ಕೆ ಹೊಳೆಯದ ಗುಣದ, ಮುಂದೆ ಹತ್ತಕ್ಕೂ ಇಲ್ಲ. ನಾನು ಅದನ್ನು ಎರಡು ದಿನ ಮುಚ್ಚಿಟ್ಟು ಮೂರನೆಯ ದಿನ ಪೆನ್ಸಿಲ್ ಹಿಡಿದು ಓದಿದೆ. ಪರೀಕ್ಷಕರು ಮೊದಲೇ ಪ್ರಕಟವಾಗಿದ್ದ ಮೂರು ದಾಖಲೆಗಳನ್ನು ಹೆಸರಿಸಿದ್ದರು. ಡಿ1 ಮೀನು ಮರಿಗಳನ್ನು ಎಣಿಸುವ ವಿದೇಶಿ ಪೇಟೆಂಟ್, ಡಿ2 ಹರಿಯುವ ನೀರಿನಲ್ಲಿ ಪ್ಲವಕಗಳ (ನೀರಿನಲ್ಲಿ ತೇಲುವ ಸಣ್ಣ ಜೀವಿಗಳ) ಚಿತ್ರ ತೆಗೆಯುವ ಸಾಧನ, ಡಿ3 ಅವಕೆಂಪು ಬೆಳಕಿನ ಬಗೆಗಿನ ಒಂದು ಪ್ರಬಂಧ. ಈ ಕ್ಷೇತ್ರ ಹಳೆಯದು. ಅಮೆರಿಕದ ವುಡ್ಸ್ ಹೋಲ್ ಸಾಗರ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಪ್ಲವಕಗಳ ವಿಡಿಯೋ ಸಾಧನವನ್ನು ಸಮುದ್ರಕ್ಕಿಳಿಸಿ ಮೂರು ದಶಕ ಕಳೆದಿವೆ, ಫ್ಲೋಕ್ಯಾಮ್‌ನಂಥ ಉಪಕರಣಗಳು ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿವೆ ಎಂಬುದು ನನಗೆ ತಿಳಿದೇ ಇತ್ತು. ಡಿ1 ಮಾತ್ರ ನನ್ನ ಹುಡುಕಾಟದಲ್ಲಿ ಸಿಕ್ಕಿರಲಿಲ್ಲ. ನಾನು ಹುಡುಕಿದ್ದು ಪದಗಳಿಂದ; ಪರೀಕ್ಷಕರು ಹುಡುಕಿದ್ದು ಪೇಟೆಂಟುಗಳ ಅಂತರರಾಷ್ಟ್ರೀಯ ವರ್ಗೀಕರಣದ ಸಂಖ್ಯೆಯಿಂದ. ಜೀವಂತ ಜಲಚರಗಳ ವಿಂಗಡಣೆ ಮತ್ತು ಎಣಿಕೆಗೆ ಎ01ಕೆ 61/90 ಎಂಬ ವರ್ಗವೇ ಇದೆ. ಅದನ್ನು ಮೊದಲೇ ತೆರೆದು ನೋಡಿದ್ದರೆ ನನ್ನ ಮೊದಲ ಕ್ಲೇಮು ಬೇರೆಯೇ ಆಗಿರುತ್ತಿತ್ತು.

ಉಳಿದ ಆಕ್ಷೇಪಗಳಲ್ಲಿ ಕೆಲವು ಸುಲಭದವು. ಎಣಿಕೆಯ ತಂತ್ರಾಂಶದ ಬಗ್ಗೆ ಬರೆದಿದ್ದ ಮೂರು ಕ್ಲೇಮುಗಳಿಗೆ ಪೇಟೆಂಟ್ ಕಾಯಿದೆಯ 3(ಕೆ) ಕಲಂ ಅಡ್ಡ ಬಂತು, ಕಂಪ್ಯೂಟರ್ ಪ್ರೋಗ್ರಾಮ್ ಮತ್ತು ಅಲ್ಗಾರಿದಮ್‌ಗಳನ್ನು ಅವಾಗಿಯೇ ಪೇಟೆಂಟ್ ಮಾಡಲಾಗದು. ದುರ್ಬಲ ಮರಿಗಳನ್ನು ಬೇರ್ಪಡಿಸುವ ವಿಧಾನವೆಂಬ ಹತ್ತನೆಯ ಕ್ಲೇಮಿಗೆ 3(ಐ) ಕಲಂ ತೋರಿಸಿದ್ದರು. ಪ್ರಾಣಿಗಳನ್ನು ರೋಗಮುಕ್ತಗೊಳಿಸುವ ಅಥವಾ ಅವುಗಳ ಆರ್ಥಿಕ ಮೌಲ್ಯ ಹೆಚ್ಚಿಸುವ ಚಿಕಿತ್ಸಾ ವಿಧಾನಗಳಿಗೆ ಆ ಕಲಂ ಪೇಟೆಂಟ್ ಕೊಡುವುದಿಲ್ಲ. ಆ ನಿಷೇಧ ವಿಧಾನಕ್ಕೆ ಮಾತ್ರ, ಉಪಕರಣಕ್ಕೆ ತಗಲುವುದಿಲ್ಲ ಎಂದು ಓದಿ ತಿಳಿದ ಮೇಲೆ ಈ ನಾಲ್ಕೂ ಕ್ಲೇಮುಗಳನ್ನು ಬಿಟ್ಟುಕೊಟ್ಟೆ. ಜೈವಿಕ ವೈವಿಧ್ಯ ಕಾಯಿದೆಯ ಪ್ರಶ್ನೆ ಮಾತ್ರ ನನ್ನನ್ನು ಗಾಬರಿಗೊಳಿಸಿತು. ಉಪಕರಣದ ಪ್ರಯೋಗಕ್ಕೆ ಬಳಸಿದ ಮರಿಗಳಲ್ಲಿ ಕೆಲವು ಹಿನ್ನೀರಿನಿಂದ ಹಿಡಿದವು ಎಂದು ನಾನೇ ಬರೆದಿದ್ದೆ. ಭಾರತದ ಜೈವಿಕ ಸಂಪನ್ಮೂಲವನ್ನು ಆಧರಿಸಿದ ಆವಿಷ್ಕಾರವಾದರೆ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಬಾಗಿಲಿಗೆ ಹೋಗಲೇಬೇಕು. ನನ್ನದು ಗಾಜು, ಬೆಳಕು ಮತ್ತು ಕ್ಯಾಮೆರಾಗಳಿಂದಾದ ಉಪಕರಣ, ಮರಿ ಅದರ ಮುಂದೆ ಹಾದುಹೋಗುವ ವಸ್ತುವೇ ಹೊರತು ಆವಿಷ್ಕಾರದ ಆಧಾರವಲ್ಲ, ಮರಿಯಿಂದ ಯಾವುದನ್ನೂ ತೆಗೆದಿಲ್ಲ ಎಂದು ಅರ್ಧ ಪುಟದಲ್ಲಿ ವಿವರಿಸಿದೆ. ಅದು ಒಪ್ಪಿಗೆಯಾಯಿತು.

ಆವಿಷ್ಕಾರದ ಹೆಜ್ಜೆಯ ಪ್ರಶ್ನೆಗೆ ಉತ್ತರ ಸಿದ್ಧಪಡಿಸಲು ಸುಮಾರು ನಾಲ್ಕು ತಿಂಗಳು ಹಿಡಿಯಿತು. ಉತ್ತರಕ್ಕೆ ಇರುವ ಅವಧಿ ಆರು ತಿಂಗಳು. ಡಿ1ನ್ನು ನಾನು ಎಷ್ಟು ಸಲ ಓದಿದೆನೋ ನೆನಪಿಲ್ಲ. ನಾಳ ಅದರಲ್ಲಿದೆ, ಹಿಂಬೆಳಕು ಇದೆ, ಕ್ಯಾಮೆರಾ ಇದೆ. ಒಂದು ರಾತ್ರಿ ಅದರ ನಾಲ್ಕನೆಯ ಪುಟದಲ್ಲಿ, ನಾಳದೊಳಗಿನ ಗಾಳಿ ತಾನಾಗಿ ಹೊರಬೀಳುವಂತೆ ನೀರನ್ನು ಕೆಳಗಿನಿಂದ ಮೇಲಕ್ಕೆ ಹರಿಸಬೇಕು ಎಂಬ ಮಾತು ಕಣ್ಣಿಗೆ ಬಿತ್ತು. ಅವರಿಗೂ ಗಾಳಿಯೇ ತೊಂದರೆ, ಆದರೆ ಅವರು ಕಂಡುಕೊಂಡ ಪರಿಹಾರ ನನ್ನದಕ್ಕೆ ನೇರ ವಿರುದ್ಧ. ಡಿ1ನ್ನು ಓದಿದ ನುರಿತ ಕೆಲಸಗಾರ ನೀರನ್ನು ಮೇಲಕ್ಕೇ ಹರಿಸುತ್ತಾನೆ. ಆ ದಾಖಲೆ ಅವನನ್ನು ನನ್ನ ದಾರಿಯಿಂದ ದೂರಕ್ಕೆ ಕಳುಹಿಸುತ್ತದೆ. ನನ್ನ ಆವಿಷ್ಕಾರ ಕ್ಯಾಮೆರಾದಲ್ಲಿ ಇಲ್ಲ, ಹರಿವಿನಲ್ಲಿದೆ ಎಂಬುದು ಮೂರು ವರ್ಷಗಳ ನಂತರ, ಪರೀಕ್ಷಕರ ಆಕ್ಷೇಪದ ಮೂಲಕ, ನನಗೆ ಸ್ಪಷ್ಟವಾಯಿತು. ಪರೀಕ್ಷಕರನ್ನು ಎದುರಾಳಿ ಎಂದು ಭಾವಿಸುವವರನ್ನು ನಾನು ಕಂಡಿದ್ದೇನೆ. ಆ ಅಭಿಪ್ರಾಯವನ್ನು ನಾನು ಒಪ್ಪಲಾರೆ.

ಈಗ ಮೊದಲ ಕ್ಲೇಮನ್ನು ತಿದ್ದಬೇಕಾಯಿತು. 59ನೆಯ ಕಲಂ ಇಲ್ಲಿ ಬಹಳ ಬಿಗಿಯಾಗಿದೆ: ಮೊದಲು ಸಲ್ಲಿಸಿದ ವಿವರಣೆಯಲ್ಲಿ ಇಲ್ಲದ ಸಂಗತಿಯನ್ನು ಸೇರಿಸುವಂತಿಲ್ಲ, ತಿದ್ದಿದ ಕ್ಲೇಮು ಹಳೆಯ ಕ್ಲೇಮಿನ ವ್ಯಾಪ್ತಿಯನ್ನು ಮೀರುವಂತಿಲ್ಲ. ಆರನೆಯ ಪುಟದ ಆ ವಾಕ್ಯ ಮತ್ತು ಎರಡನೆಯ ಚಿತ್ರದ ಬಾಣ ಇದ್ದುದರಿಂದ ಕೆಳಮುಖ ಹರಿವನ್ನೂ ಬಾಗಿದ ಪೈಪನ್ನೂ ಮೊದಲ ಕ್ಲೇಮಿಗೆ ತರಲು ಸಾಧ್ಯವಾಯಿತು. ಆದರೆ ಅರ್ಜಿ ಹಾಕಿದ ನಂತರ ನಾನು ಮಾಡಿದ ಒಂದು ಸುಧಾರಣೆ, ನಾಳದ ಮೇಲ್ತುದಿಗೆ ಬೋಗುಣಿಯಂತೆ ಅಗಲವಾದ ಬಾಯಿ ಇಟ್ಟು ಗುಳ್ಳೆಗಳು ಅಲ್ಲೇ ಬಿಡುಗಡೆಯಾಗುವಂತೆ ಮಾಡಿದ್ದು, ಹೊರಗೇ ಉಳಿಯಿತು. ಉಪಕರಣದಲ್ಲಿ ಈಗ ಅತ್ಯಂತ ಉಪಯುಕ್ತವಾಗಿರುವ ಭಾಗವೇ ಅದು.

ವಿಚಾರಣೆ 2024ರ ಫೆಬ್ರವರಿಯಲ್ಲಿ ವಿಡಿಯೋ ಮೂಲಕ ನಡೆಯಿತು. ಉಳಿದಿದ್ದ ಆಕ್ಷೇಪಗಳು ಎರಡು. ಹರಿವಿನ ದಿಕ್ಕು ಬದಲಿಸುವುದು ಸಾಮಾನ್ಯ ವಿನ್ಯಾಸದ ಆಯ್ಕೆ ಎಂಬುದು ಮೊದಲನೆಯದು. "ಗುಳ್ಳೆಯ ಏರುವೇಗಕ್ಕಿಂತ ಕಡಿಮೆ" ಎಂಬ ನನ್ನ ಪದಗಳು ಅಸ್ಪಷ್ಟ ಎಂಬುದು ಎರಡನೆಯದು. ಅರ್ಜಿಯ ತೀರ್ಮಾನ ಮಾಡುವ ಅಧಿಕಾರಿಯಾದ ಕಂಟ್ರೋಲರ್ ಮೇಡಂ ಎರಡನೆಯದನ್ನೇ ಮೊದಲು ಎತ್ತಿಕೊಂಡರು. "ಯಾವ ಗುಳ್ಳೆ? ಗುಳ್ಳೆ ಸಣ್ಣದಾದಷ್ಟೂ ನಿಧಾನ ಏರುತ್ತದಲ್ಲವೇ?" ಎಂದು ಕೇಳಿದರು. ಪ್ರಶ್ನೆ ಸರಿಯಾಗಿಯೇ ಇತ್ತು. ಕೂದಲೆಳೆಯಷ್ಟು ಸಣ್ಣ ಗುಳ್ಳೆಗಳು ನನ್ನ ನಾಳದಲ್ಲಿ ಕೆಳಕ್ಕೆ ಇಳಿಯುತ್ತವೆ, ಅವನ್ನು ಗಾತ್ರ ನೋಡಿ ತಂತ್ರಾಂಶ ಕೈಬಿಡುತ್ತದೆ. "ಹೌದು ಮೇಡಂ, ಒಂದು ಮಿಲಿಮೀಟರ್ ಮತ್ತು ಅದಕ್ಕಿಂತ ದೊಡ್ಡವು, ವೇಗ 30ರಿಂದ 70" ಎಂದೆ. "ದಾಖಲೆಯಲ್ಲಿ ಎಲ್ಲಿದೆ, ತೋರಿಸಿ" ಎಂದರು. ಆರನೆಯ ಪುಟವನ್ನು ಪರದೆಗೆ ತಂದೆ. ಅವರು ಆ ವಾಕ್ಯವನ್ನು ಎರಡು ಸಲ ಓದಿ, ಸಂಖ್ಯೆಗಳನ್ನೇ ಕ್ಲೇಮಿಗೆ ತರುವಂತೆ ಸೂಚಿಸಿದರು. ಮೊದಲ ಆಕ್ಷೇಪಕ್ಕೆ ಡಿ1ರ ನಾಲ್ಕನೆಯ ಪುಟವನ್ನೂ, ಕೈಯಲ್ಲಿ ಎಣಿಸಿದ 500 ಮರಿಗಳನ್ನು ಎರಡೂ ದಿಕ್ಕಿನ ಹರಿವಿನಲ್ಲಿ ಬಿಟ್ಟು ತೆಗೆದ ಚಿತ್ರಗಳನ್ನೂ ಅಫಿಡವಿಟ್ಟಿನೊಂದಿಗೆ ಇಟ್ಟಿದ್ದೆ. ಮೇಲ್ಮುಖ ಹರಿವಿನಲ್ಲಿ ಗುಳ್ಳೆಗಳೂ ಸೇರಿಕೊಂಡು ಲೆಕ್ಕ ಪ್ರತಿ ಸಲವೂ 500ನ್ನು ಮೀರಿತ್ತು. ವಿಚಾರಣೆಯಾದ ಹದಿನೈದು ದಿನಗಳೊಳಗೆ ಲಿಖಿತ ಹೇಳಿಕೆ ಮತ್ತು ತಿದ್ದಿದ ಕ್ಲೇಮುಗಳನ್ನು ಸಲ್ಲಿಸಬೇಕು. ಹನ್ನೊಂದನೆಯ ದಿನ ಸಲ್ಲಿಸಿದೆ.

ಏಪ್ರಿಲ್‌ನಲ್ಲಿ ಆರು ಕ್ಲೇಮುಗಳೊಂದಿಗೆ ಪೇಟೆಂಟ್ ಮಂಜೂರಾಯಿತು. ಅದರ ಇಪ್ಪತ್ತು ವರ್ಷಗಳ ಅವಧಿ 2020ರ ಜುಲೈಯಿಂದಲೇ ಎಣಿಕೆಯಾಗುತ್ತದೆ. ಹಾಗಾಗಿ ಮೂರನೆಯ ವರ್ಷದಿಂದ ಬಾಕಿಯಿದ್ದ ನವೀಕರಣ ಶುಲ್ಕವನ್ನೆಲ್ಲ, ಪೇಟೆಂಟ್ ನೋಂದಣಿಯಾದ ಮೂರು ತಿಂಗಳೊಳಗೆ ಒಟ್ಟಿಗೆ ಕಟ್ಟಬೇಕಾಯಿತು. ಈ ಗಡುವು ತಪ್ಪಿ ಪೇಟೆಂಟ್ ಕಳೆದುಕೊಳ್ಳುವವರೂ ಇರುವುದರಿಂದ ಇದನ್ನು ಮರೆಯದೆ ಹೇಳುತ್ತಿದ್ದೇನೆ.

ಬೋಗುಣಿ ಬಾಯಿಯ ಸುಧಾರಣೆಗೆ 54ನೆಯ ಕಲಂನಡಿ ಸೇರ್ಪಡೆ ಪೇಟೆಂಟಿಗೆ ಅರ್ಜಿ ಹಾಕಿದ್ದೇನೆ. ಅದಕ್ಕೆ ಪ್ರತ್ಯೇಕ ನವೀಕರಣ ಶುಲ್ಕವಿಲ್ಲ, ಅವಧಿ ಮುಖ್ಯ ಪೇಟೆಂಟಿನೊಂದಿಗೇ ಮುಗಿಯುತ್ತದೆ. ಈ ಬಾರಿ ಮೊದಲು ವರ್ಗದ ಸಂಖ್ಯೆಯಿಂದ ಹುಡುಕಿದೆ. ಬೋಗುಣಿಯ ವ್ಯಾಸ, ಇಳಿಜಾರಿನ ಕೋನ, ಅಲ್ಲಿ ನೀರಿನ ವೇಗ ಎಷ್ಟಕ್ಕೆ ಇಳಿಯುತ್ತದೆ ಎಂಬುದನ್ನೆಲ್ಲ ಅಳೆದು, ಪ್ರತಿ ಅಳತೆಗೂ ಒಂದೊಂದು ವ್ಯಾಪ್ತಿಯನ್ನು ಬರೆದು, ಆರು ಚಿತ್ರಗಳಲ್ಲೂ ನೀರು ಹರಿಯುವ ಕಡೆಗೆ ಬಾಣ ಹಾಕಿದ್ದೇನೆ. ಅದರ ಪರೀಕ್ಷಾ ವರದಿ ಇನ್ನೂ ಬರಬೇಕಿದೆ.