ರಿವೇರಾನ ಜೋಳದ ಗೋಡೆಚಿತ್ರನ ಮನೇಲೇ ಕೈಯಾರೆ ಕಾಪಿ ಮಾಡೋದು ಹೇಗೆ

ಮೆಕ್ಸಿಕೋ ಸಿಟಿಯ ರಾಷ್ಟ್ರೀಯ ಅರಮನೆಯ ಮಹಡಿ ಕಾರಿಡಾರಲ್ಲಿ ಅಲ್ಲಿನ ಹೆಸರಾಂತ ಗೋಡೆಚಿತ್ರಕಾರ ಡಿಯೇಗೋ ರಿವೇರಾ 1950ರಲ್ಲಿ ಮಾಡಿದ ಹುವಾಸ್ಟೆಕ್ ಅನ್ನೋ ಮೂಲನಿವಾಸಿ ಜನರ ಚಿತ್ರ ಇದೆ. ಮೆಕ್ಕೆಜೋಳ ಬಿತ್ತೋರು, ಮಂಡಿಯೂರಿ ಜೋಳ ಅರೆಯೋ ಹೆಂಗಸು, ತೋರ್ತಿಯಾ ತಟ್ಟೋ ಕೈಗಳು, ಬೀಜದಿಂದ ರೊಟ್ಟಿ ತನಕದ ಕೆಲಸ ಎಲ್ಲ ಒಂದೇ ಗೋಡೇಲಿ. ನಾನು ಇದನ್ನ ಎರಡು ಸಲ ಕಾಪಿ ಮಾಡಿದೀನಿ, ಮೊದಲನೇದು ಕೆಟ್ಟಿತು, ಎರಡನೇದು ನಮ್ಮ ಹಾಲಲ್ಲಿದೆ, ದಿನಾ ನೋಡ್ತೀನಿ. ಶುರು ಮಾಡೋರಿಗೆ ಉಪಯೋಗ ಆಗ್ಲಿ ಅಂತ ಬರೀತಿದೀನಿ.

ಮೊದಲನೇ ಮಾತು, ಪೂರ್ತಿ ಚಿತ್ರ ಮಾಡೋಕೆ ಹೋಗ್ಬೇಡಿ. ಗೋಡೆ ಅಳತೆಗೆ ಯೋಚಿಸಿದ ಚಿತ್ರ ಅದು, ನಾನು ಅದನ್ನ ಎರಡಡಿ ಮೂರಡಿ ಕ್ಯಾನ್ವಾಸಿಗೆ ತುಂಬಿಸಿದಾಗ ಅರೆಯೋ ಹೆಂಗಸಿನ ಕೈ ಕಡಲೆಕಾಯಿ ಗಾತ್ರಕ್ಕೆ ಬಂತು, ಅಲ್ಲಿಗೆ ಚಿತ್ರದ ಜೀವಾನೇ ಹೋಯ್ತು. ಒಂದು ಮೂಲೆ ಆರಿಸ್ಕೊಳ್ಳಿ, ಒಬ್ರು ಅಥವಾ ಇಬ್ರು ಜನ ಸಾಕು, ತಲೆ ಕನಿಷ್ಠ ನಿಮ್ಮ ಮುಷ್ಟಿಯಷ್ಟಾದ್ರೂ ದೊಡ್ಡದಿರ್ಲಿ. ಫೋಟೋ ಮೂರು ನಾಲ್ಕು ಇಟ್ಕೊಳ್ಳಿ, ಯಾಕಂದ್ರೆ ಒಂದರಲ್ಲಿ ಬಣ್ಣ ಹಳದಿಗೆ ತಿರುಗಿರತ್ತೆ, ಇನ್ನೊಂದರಲ್ಲಿ ವೈಡ್ ಲೆನ್ಸಿಂದಾಗಿ ಅಂಚಲ್ಲಿರೋ ಜನ ಅಡ್ಡಕ್ಕೆ ಎಳ್ದಂಗಿರ್ತಾರೆ, ಎಲ್ಲ ಪಕ್ಕಪಕ್ಕ ಇಟ್ಟು ನೋಡಿದ್ರೇನೇ ನಿಜ ಯಾವುದು ಅಂತ ಗೊತ್ತಾಗೋದು.

ಈಗ ಬೋರ್ಡ್. ರಿವೇರಾ ಇಟಲಿಗೆ ಹೋಗಿ ಹಳೇ ಭಿತ್ತಿಚಿತ್ರಗಳನ್ನ ನೋಡ್ಕೊಂಡು 1921ರಲ್ಲಿ ಮೆಕ್ಸಿಕೋಗೆ ವಾಪಸ್ ಬಂದ, ಆಮೇಲೆ ಅವನ ದೊಡ್ಡ ಕೆಲಸ ಎಲ್ಲ ಹೆಚ್ಚಾಗಿ ಫ್ರೆಸ್ಕೋ. ಅಂದ್ರೆ ಹಸಿ ಸುಣ್ಣದ ಗಾರೆ ಮೇಲೆ ನೀರಲ್ಲಿ ಕಲಸಿದ ಬಣ್ಣ ಹಚ್ಚೋದು, ಸುಣ್ಣ ಗಾಳಿಯಲ್ಲಿರೋ ಇಂಗಾಲದ ಡೈಆಕ್ಸೈಡ್ ಹೀರ್ಕೊಂಡು ಕಲ್ಲಾಗ್ತಾ ಬಣ್ಣನ ತನ್ನೊಳಗೇ ಹಿಡ್ಕೊಳತ್ತೆ, ಅದಕ್ಕೇ ಅದರಲ್ಲಿ ಹೊಳಪಿರಲ್ಲ. ಮನೇಲಿ ಹಸಿ ಗಾರೆ ಕಷ್ಟ, ಆದ್ರೆ ಆ ಮಂಕು ಮೈ ತರ್ಸ್ಬಹುದು. 9 ಎಂಎಂ ಎಂಡಿಎಫ್ ಬೋರ್ಡ್ (ಮರದ ನಾರು ಒತ್ತಿ ಮಾಡಿದ ಹಲಗೆ) ತಗೊಳ್ಳಿ, ಗೆಸ್ಸೋ (ಬಣ್ಣಕ್ಕೆ ಮುಂಚೆ ಬಳಿಯೋ ಬಿಳಿ ತಳಪದರ) ನಾಲ್ಕು ಪಾಲಿಗೆ ಒಂದು ಪಾಲು ಬಿಳಿ ರಂಗೋಲಿ ಪುಡಿ ತೆಳು ಬಟ್ಟೇಲಿ ಜರಡಿ ಹಿಡ್ದು ಕಲ್ಸಿ (ಮೂಗಿಗೆ ಮಾಸ್ಕ್ ಹಾಕ್ಕೊಳ್ಳಿ, ಆ ಧೂಳು ಒಳ್ಳೇದಲ್ಲ), ಮೂರು ಕೋಟ್ ಹೊಡೀರಿ, ಪ್ರತಿ ಕೋಟ್ ಒಣಗಿದ ಮೇಲೆ 220 ನಂಬರ್ ಉಪ್ಪು ಕಾಗದದಲ್ಲಿ ಹಗುರಾಗಿ ಉಜ್ಜಿ. ಕೈಯಾಡಿಸಿದ್ರೆ ಸುಣ್ಣ ಬಳಿದ ಹಳೇ ಗೋಡೆ ಮುಟ್ಟಿದಂಗಿರ್ಬೇಕು.

ಡ್ರಾಯಿಂಗಿಗೆ ಫೋಟೋ ಮೇಲೂ ಬೋರ್ಡ್ ಮೇಲೂ ಒಂದೇ ಲೆಕ್ಕದ ಚೌಕ ಹಾಕ್ಕೊಳ್ಳಿ. ಪೆನ್ಸಿಲ್ ಆದ್ಮೇಲೆ ಗೆರೆಗಳನ್ನ ನೀರಾದ ಕೆಂಪು ಆಕ್ಸೈಡ್ ಬಣ್ಣದಲ್ಲಿ ತಿದ್ದಿ, ಫ್ರೆಸ್ಕೋ ಮಾಡೋರು ಗಾರೆಯ ಒಳಪದರದ ಮೇಲೆ ಕೆಮ್ಮಣ್ಣಲ್ಲೇ ಬರ್ಕೊಳ್ತಿದ್ರು. ಇಲ್ಲಿ ಅವಸರ ಬೇಡವೇ ಬೇಡ, ನನ್ನ ಮಟ್ಟಿಗೆ ಅರ್ಧ ಸಮಯ ಇಲ್ಲೇ ಹೋಗ್ಬೇಕು. ರಿವೇರಾನ ಜನ ಮಡಕೆ ತರ ದುಂಡಗೆ ಭಾರವಾಗಿರ್ತಾರೆ, ಬೆರಳು ಮೂಗು ಆಮೇಲೆ ಬರ್ಲಿ, ಮೊದ್ಲು ಬೆನ್ನು ಭುಜ ತೊಡೆ ಇವುಗಳ ದೊಡ್ಡ ಆಕಾರ ಕೂತ್ಕೋಬೇಕು. ಅರೆಯೋ ಹೆಂಗಸು ನನಗೆ ಎಷ್ಟು ಮಾಡಿದ್ರೂ ಬರ್ತಿರ್ಲಿಲ್ಲ, ಕೊನೆಗೆ ನಾನೇ ನೆಲದ ಮೇಲೆ ಮಂಡಿಯೂರಿ ಲಟ್ಟಣಿಗೆನ ಎರಡೂ ಕೈಯಲ್ಲಿ ಹಿಡ್ದು ಮಣೆ ಮೇಲೆ ಮುಂದಕ್ಕೆ ತಳ್ತಾ ಮಗಳ ಕೈಲಿ ಫೋಟೋ ತೆಗೆಸ್ದೆ. ಆಗ ಗೊತ್ತಾಯ್ತು, ಒತ್ತೋದು ಕೈ ಅಲ್ಲ, ಸೊಂಟದಿಂದ ಇಡೀ ಮೈ ಮುಂದಕ್ಕೆ ಬೀಳತ್ತೆ, ಭುಜ ಕಿವಿ ಹತ್ರ ಏರತ್ತೆ, ಮಣಿಕಟ್ಟು ಗಟ್ಟಿಯಾಗಿ ನಿಲ್ಲತ್ತೆ. ಆ ಅರೆಯೋ ಕಲ್ಲಿಗೆ ಅಲ್ಲಿ ಮೆಟಾಟೆ ಅಂತಾರೆ, ಇಳಿಜಾರಾಗಿರೋ ಕಲ್ಲು, ಅದರ ಇಳಿಜಾರೂ ಬೆನ್ನಿನ ಬಾಗೂ ಹೊಂದ್ಕೊಂಡ್ರೆ ಚಿತ್ರ ನಿಂತ್ಕೊಳ್ತು ಅಂತ ಲೆಕ್ಕ.

ಬಣ್ಣಕ್ಕೆ ಅಕ್ರಿಲಿಕ್ ಸಾಕು. ಯೆಲ್ಲೋ ಓಕರ್, ಕೆಂಪು ಆಕ್ಸೈಡ್, ಬರ್ನ್ಟ್ ಸಿಯೆನ್ನಾ, ಬರ್ನ್ಟ್ ಅಂಬರ್, ಅಲ್ಟ್ರಾಮರೀನ್, ಕ್ರೋಮ್ ಆಕ್ಸೈಡ್ ಹಸಿರು, ಕಪ್ಪು, ಬಿಳಿ, ಇಷ್ಟೇ. ಸುಣ್ಣದ ಖಾರನ (ಕ್ಷಾರ ಗುಣ) ಎಲ್ಲ ಬಣ್ಣ ತಡ್ಕೊಳಲ್ಲ, ಮಣ್ಣಿನ ಬಣ್ಣ ತಡ್ಕೊಳತ್ತೆ, ಅದಕ್ಕೇ ಫ್ರೆಸ್ಕೋದಲ್ಲಿ ಇವೇ ಜಾಸ್ತಿ. ಮೊದ್ಲು ಬರೀ ಕಪ್ಪುನೀರಲ್ಲಿ ನೆರಳು ಬೆಳಕು ಪೂರ್ತಿ ಮುಗ್ಸಿ, ರಿವೇರಾ ಕೂಡ ಹಾಗೇ ಕಪ್ಪಲ್ಲಿ ಮೈ ಕಟ್ಟಿ ಆಮೇಲೆ ಬಣ್ಣ ಏರಿಸ್ತಿದ್ದ. ಅದರ ಮೇಲೆ ತೆಳುವಾಗಿ ಪದರ ಪದರ ಹಚ್ಚಿ, ಬ್ರಷಲ್ಲಿ ತಿಕ್ಕಿ ನುಣುಪು ಮಾಡ್ಬೇಡಿ, ಸಣ್ಣ ಸಣ್ಣ ಗೀಟುಗಳು ತೋಳಿನ ಸುತ್ತ ಬಳೆ ತರ ಸುತ್ಕೊಂಡು ಹೋಗ್ಲಿ. ಮೈಬಣ್ಣಕ್ಕೆ ಸಿಯೆನ್ನಾ ಜೊತೆ ಓಕರ್, ಈ ಪದರದಲ್ಲಿ ನೆರಳಿಗೆ ಮತ್ತೆ ಕಪ್ಪು ಬೇಡ, ಅದೇ ಮಿಶ್ರಣಕ್ಕೆ ಚೂರು ಅಲ್ಟ್ರಾಮರೀನ್. ಬಿಳಿ ಬಟ್ಟೆಗೆ ಡಬ್ಬಿ ಬಿಳಿ ಹಾಗೇ ಹಾಕಿದ್ರೆ ಕಣ್ಣಿಗೆ ಹೊಡೆಯತ್ತೆ, ಓಕರ್ ಒಂದು ಹನಿ ಸೇರ್ಸಿ.

ವಾರ್ನಿಷ್ ಮ್ಯಾಟ್ (ಹೊಳಪಿಲ್ಲದ್ದು) ಮಾತ್ರ. ನನ್ನ ಮೊದಲನೇದಕ್ಕೆ ಹೊಳಪಿನ ವಾರ್ನಿಷ್ ಹೊಡ್ದು ಟ್ಯೂಬ್‌ಲೈಟ್ ಒಂದೇ ಕಾಣಿಸ್ತಿತ್ತು.

ದುಡ್ಡು ಕೊಟ್ಟು ಮಾಡಿಸ್ಕೊಳ್ಳೋರು, ನಿಜವಾಗ್ಲೂ ಕೈಯಾರೆ ಮಾಡಿದ್ದಾ ಅಂತ ತಿಳಿಯೋಕೆ ಟಾರ್ಚ್ ಪಕ್ಕದಿಂದ ಹಿಡ್ದು ನೋಡಿ, ಬ್ರಷ್ ಗೀಟು ತರ ಕಾಣ್ಲಿ ಅಂತ ಪ್ರಿಂಟ್ ಮೇಲೆ ಜೆಲ್ ಬಳ್ದಿದ್ರೆ ಉಬ್ಬುಗೀಟು ಒಂದು ದಿಕ್ಕಿಗೆ, ಚಿತ್ರದ ಆಕಾರ ಇನ್ನೊಂದು ದಿಕ್ಕಿಗೆ ಹೋಗಿರತ್ತೆ.

ಇನ್ನು ಹಕ್ಕಿನ ವಿಷ್ಯ. ರಿವೇರಾ ತೀರಿಕೊಂಡಿದ್ದು 1957ರಲ್ಲಿ, ನಮ್ಮಲ್ಲಿ ಕಾಪಿರೈಟ್ ಕಲಾವಿದ ಹೋದ ಮೇಲೆ 60 ವರ್ಷ, ಮೆಕ್ಸಿಕೋದಲ್ಲಿ ಈಗಿನ ಕಾನೂನಲ್ಲಿ ಆ ಅವಧಿ 100 ವರ್ಷ. ಹಾಗಾಗಿ ನಿಮ್ಮ ಮನೆ ಗೋಡೆಗೆ ಚಿಂತೆ ಇಲ್ಲ, ಹೊರದೇಶಕ್ಕೆ ಮಾರೋದಾದ್ರೆ ಅಲ್ಲಿನ ನಿಯಮ ವಿಚಾರಿಸಿ, ಅವನ ಹಕ್ಕುಗಳನ್ನ ಮೆಕ್ಸಿಕೋದ ಕೇಂದ್ರ ಬ್ಯಾಂಕ್ ಟ್ರಸ್ಟಿಯಾಗಿ ನೋಡ್ಕೊಳತ್ತೆ. ಅವನ ಸಹಿ ಮಾತ್ರ ಯಾವತ್ತೂ ಕಾಪಿ ಮಾಡ್ಬೇಡಿ. ಬೋರ್ಡ್ ಹಿಂದೆ "ರಿವೇರಾ ಚಿತ್ರದ ಪ್ರತಿ" ಅಂತ ಬರ್ದು ನಿಮ್ಮ ಹೆಸರು, ಮುಗಿಸಿದ ತಾರೀಖು ಹಾಕಿ.