ಅಳತೆ ಬದಲಿಸಲು ದಶಮಾಂಶ ಬಿಂದುವನ್ನಷ್ಟೇ ಸರಿಸಿ

ಮೆಟ್ರಿಕ್ ಅಳತೆಯನ್ನು ಒಂದು ಮಾನದಿಂದ ಇನ್ನೊಂದಕ್ಕೆ ಬದಲಿಸುವಾಗ ಉದ್ದುದ್ದ ಗುಣಾಕಾರ, ಭಾಗಾಕಾರಗಳ ಅಗತ್ಯವಿಲ್ಲ; ಅಂಕಿಗಳನ್ನು ಹಾಗೆಯೇ ಬಿಟ್ಟು, ಚಿಕ್ಕ ಮಾನದಿಂದ ದೊಡ್ಡದಕ್ಕೆ ಹೋಗುವಾಗ ದಶಮಾಂಶ ಬಿಂದುವನ್ನು ಎಡಕ್ಕೆ, ದೊಡ್ಡದರಿಂದ ಚಿಕ್ಕದಕ್ಕೆ ಬರುವಾಗ ಬಲಕ್ಕೆ ಸರಿಸಿದರೆ ಸಾಕು. 2750 ಗ್ರಾಂ ಎಂದರೆ ಮೂರು ಸ್ಥಾನ ಎಡಕ್ಕೆ, 2.75 ಕಿಲೋ, 1.6 ಮೀಟರ್ ಎಂದರೆ ಎರಡು ಸ್ಥಾನ ಬಲಕ್ಕೆ, 160 ಸೆಂಟಿಮೀಟರ್. ನಮ್ಮ ಅಂಕಿಗಳ ಸ್ಥಾನಬೆಲೆಯೂ ಮೆಟ್ರಿಕ್ ಮಾನಗಳೂ ಹತ್ತರ ಲೆಕ್ಕದಲ್ಲಿಯೇ ಏರಿಳಿಯುವುದರಿಂದ ಇದು ಸಾಧ್ಯವಾಗುತ್ತದೆ. ಖಾಲಿ ಉಳಿಯುವ ಸ್ಥಾನಕ್ಕೆ ಸೊನ್ನೆ ತುಂಬುವುದನ್ನು ಮಾತ್ರ ಮರೆಯಬಾರದು: 85 ಮಿಲಿಲೀಟರ್ ಎಂದರೆ 0.085 ಲೀಟರ್, 0.85 ಎಂದು ಬರೆದರೆ ಔಷಧಿಯೋ ಕೀಟನಾಶಕವೋ ಹತ್ತು ಪಟ್ಟು ಹೆಚ್ಚಾದಂತೆ. ವಿಸ್ತೀರ್ಣಕ್ಕೆ ಸರಿಸಬೇಕಾದ ಸ್ಥಾನಗಳು ಇಮ್ಮಡಿ, ಘನ ಮೀಟರ್‌ನಂಥ ಘನ ಅಳತೆಗೆ ಮುಮ್ಮಡಿ. ಆದ್ದರಿಂದ 1 ಚದರ ಮೀಟರ್‌ಗೆ 100 ಅಲ್ಲ, 10,000 ಚದರ ಸೆಂಟಿಮೀಟರ್. ಅಡಿ-ಇಂಚು, ಗಂಟೆ-ನಿಮಿಷಗಳಿಗೆ ಈ ಉಪಾಯ ಸಲ್ಲದು. ಎಕರೆ-ಗುಂಟೆಯಲ್ಲಂತೂ ವಿಶೇಷ ಎಚ್ಚರ ಬೇಕು: ಎಕರೆಗೆ 40 ಗುಂಟೆಯಾದ್ದರಿಂದ, ಪಹಣಿಯಲ್ಲಿ ನಡುವೆ ಚುಕ್ಕೆಯಿಟ್ಟು ಬರೆದ 2 ಎಕರೆ 20 ಗುಂಟೆಯನ್ನು ಲೆಕ್ಕಯಂತ್ರಕ್ಕೆ 2.20 ಎಂದಲ್ಲ, 2.5 ಎಂದು ಒತ್ತಬೇಕು.