ಮೊದಲು ನೆರಳು, ಆಮೇಲೆ ಪುಳಿಯೋಗರೆ

ಹಳೆ ಕಾರುಗಳ ಡ್ರೈವ್ ಅಂದರೆ ಸಾಕು, "ಊಟ ಎಲ್ಲಿ?" ಅಂತ ಎಲ್ಲರೂ ಕೇಳುತ್ತಾರೆ. ನಾನು ಕೇಳುವುದು, "ನೆರಳು ಎಲ್ಲಿದೆ?" ನಮ್ಮ ಗುಂಪಿನವರು ಯುಗಾದಿಗೆ ಮುಂಚೆ ಒಂದು ಭಾನುವಾರ ಬೆಂಗಳೂರು ಬಿಟ್ಟು ಹಳ್ಳಿ ದಾರಿ ಹಿಡಿದು ಹೋಗಿ, ಊಟ ಮಾಡಿ ಬರುತ್ತೇವೆ. ದಾರಿ, ಹೊತ್ತು, ಊಟ ನೋಡಿಕೊಳ್ಳುವ ಕೆಲಸವನ್ನು ನನ್ನ ತಲೆಗೆ ಕಟ್ಟಿದ್ದಾರೆ. ಈ ಸಲ ಹೋಗಿದ್ದು ಮೇಲುಕೋಟೆಗೆ.

ಮೇಲುಕೋಟೆ ಅಂದ ಮೇಲೆ ಪಂಚಾಂಗ ನೋಡಲೇಬೇಕು. ಮಾರ್ಚ್-ಏಪ್ರಿಲ್ ಹೊತ್ತಿಗೆ ವೈರಮುಡಿ, ಅಂದರೆ ಚೆಲುವನಾರಾಯಣನಿಗೆ ವಜ್ರದ ಕಿರೀಟ ತೊಡಿಸುವ ಉತ್ಸವ ಬರುತ್ತದೆ. ಆ ವಾರ ಲಕ್ಷಗಟ್ಟಲೆ ಜನ. ಜನದ ಮಧ್ಯೆ ಫಸ್ಟ್ ಗೇರಿನಲ್ಲಿ ತೆವಳಿದರೆ ಹಳೆ ರೇಡಿಯೇಟರ್ ಕುದಿಯದೆ ಇನ್ನೇನು ಮಾಡುತ್ತದೆ? ಅದಕ್ಕೇ ಫೆಬ್ರವರಿ ಕೊನೆಯ ಭಾನುವಾರ ಗೊತ್ತು ಮಾಡಿದೆ. ಮುತ್ತುಗ ಹೂ ಬಿಟ್ಟಿರುತ್ತದೆ, ಬಿಸಿಲು ಇನ್ನೂ ಪೂರ್ತಿ ಏರಿರುವುದಿಲ್ಲ.

ಮೈಸೂರು ಎಕ್ಸ್‌ಪ್ರೆಸ್‌ವೇ ಬೇಡ ಅಂತ ಮೊದಲೇ ಹೇಳಿಬಿಟ್ಟೆ. ಅಲ್ಲಿ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ನಿಷೇಧ ಇದೆಯೇ ಹೊರತು ಹಳೆ ಕಾರುಗಳಿಗಿಲ್ಲ, ನಿಜ. ಆದರೆ 55ರಲ್ಲಿ ಹೋಗುವ ಅಂಬಾಸಡರ್ ಹಿಂದೆ 100ರಲ್ಲಿ ಬರುವವರಿಗೂ ತೊಂದರೆ, ನಮಗೂ ತೊಂದರೆ. ಮಾಗಡಿ, ಹುಲಿಯೂರುದುರ್ಗ, ನಾಗಮಂಗಲ, ಅಲ್ಲಿಂದ ಜಕ್ಕನಹಳ್ಳಿ ಕ್ರಾಸಿನಲ್ಲಿ ತಿರುಗಿದರೆ ಮೇಲುಕೋಟೆ. ಒಟ್ಟು ಸುಮಾರು 130 ಕಿಲೋಮೀಟರ್. ಎಡಕ್ಕೆ ಸಾವನದುರ್ಗದ ಬಂಡೆ, ಮುಂದೆ ಹುಲಿಯೂರುದುರ್ಗದ ಬೆಟ್ಟ, ರಸ್ತೆ ಪಕ್ಕ ಹುಣಸೆ, ಮಾವು. ಸುಮ್ನೆ ಕೂತು ನೋಡಿಕೊಂಡು ಹೋಗಲೆಂದೇ ಇರುವ ದಾರಿ ಅದು.

ಕಾಗದ ಪತ್ರದ ಬಗ್ಗೆ ಎರಡು ಮಾತು. 15 ವರ್ಷ ದಾಟಿದ ಕಾರಿಗೆ ಐದೈದು ವರ್ಷಕ್ಕೊಮ್ಮೆ ಮರು ನೋಂದಣಿ ಬೇಕು. 50 ವರ್ಷ ದಾಟಿ, ಮೂಲ ರೂಪದಲ್ಲೇ ಇದ್ದರೆ 2021ರ ನಿಯಮದ ಪ್ರಕಾರ ವಿಂಟೇಜ್ ನೋಂದಣಿ ಮಾಡಿಸಬಹುದು, ಮೊದಲೇ ನಂಬರ್ ಇದ್ದರೆ ಅದೇ ಉಳಿಯುತ್ತದೆ, ಹೊಸದಾಗಿ ನೋಂದಾಯಿಸಿದರೆ ನಂಬರಿನಲ್ಲಿ 'ವಿಎ' ಅಂತ ಬರುತ್ತದೆ. ಆದರೆ ಆ ಕಾರನ್ನು ದಿನಾ ಓಡಿಸುವಂತಿಲ್ಲ. ವಿಂಟೇಜ್ ರ‍್ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್ ಹಾಕಿಸುವುದು, ಇಂಥದ್ದಕ್ಕೆ ಮಾತ್ರ. ತರಕಾರಿ ತರಲೂ ಅದೇ ಕಾರು ಬೇಕು ಅನ್ನುವವರು ಮಾಮೂಲಿ ನೋಂದಣಿಯಲ್ಲೇ ಇರುವುದು ವಾಸಿ.

ನನ್ನದು ಪದ್ಮಿನಿ. 1964ರಲ್ಲಿ ಬಂದ ಫಿಯೆಟ್ 1100 ಡಿಲೈಟ್‌ಗೇ 1974ರಿಂದ ಇಟ್ಟ ಹೆಸರು. 1089 ಸಿಸಿ ಇಂಜಿನ್, ಸ್ಟೀರಿಂಗ್ ಪಕ್ಕದಲ್ಲೇ ಗೇರ್. ಜೊತೆಗೆ ಇನ್ನೊಂದು ಪದ್ಮಿನಿ, ಅಂಬಾಸಡರ್‌ಗಳು, ಒಂದು ಕಾಂಟೆಸಾ, ಒಂದು ಜೀಪು, ಮದ್ರಾಸಿನಲ್ಲಿ ತಯಾರಾದ ಒಂದು ಸ್ಟ್ಯಾಂಡರ್ಡ್ ಹೆರಾಲ್ಡ್. ಇಷ್ಟನ್ನೂ ಒಂದೇ ಸಾಲಿನಲ್ಲಿ ಓಡಿಸುವುದಕ್ಕೆ ನನ್ನ ವಿರೋಧವಿದೆ. ಫೋಟೊಗೆ ಚೆಂದ ಅಷ್ಟೇ. ಹಿಂದಿನ ಬಸ್ಸಿನವನು ಓವರ್‌ಟೇಕ್ ಮಾಡಲಾಗದೆ ಹಾರ್ನ್ ಬಾರಿಸುತ್ತಾನೆ, ಮುಂದಿನ ಕಾರಿನ ಹೊಗೆಯೆಲ್ಲ ಹಿಂದಿನವರ ಮೂಗಿಗೆ. ಅದಕ್ಕೆ ಮೂರು ಮೂರು ಕಾರಿನ ಗುಂಪು ಮಾಡಿ, ಹತ್ತು ನಿಮಿಷ ಬಿಟ್ಟು ಹತ್ತು ನಿಮಿಷಕ್ಕೆ ಹೊರಡಿಸುತ್ತೇನೆ. ಪ್ರತಿ ಗುಂಪಿನಲ್ಲಿ ನಿಧಾನದ ಕಾರೇ ಮುಂದೆ. ಗುಂಪಿಗೊಬ್ಬರ ಹತ್ತಿರ ಫ್ಯಾನ್ ಬೆಲ್ಟ್, ಸ್ಪಾರ್ಕ್ ಬರಲು ಬೇಕಾದ ಪಾಯಿಂಟ್ ಸೆಟ್ ಮತ್ತು ಕಂಡೆನ್ಸರ್, ಎಳೆಯುವ ಹಗ್ಗ, ನೀರಿನ ಕ್ಯಾನು. ಕಂಡೆನ್ಸರ್ ಎರಡಿದ್ದರೆ ಒಳ್ಳೆಯದು. ಈಗ ಸಿಗುವ ಹೊಸ ಕಂಡೆನ್ಸರಿಗಿಂತ ಬಿಚ್ಚಿಟ್ಟ ಹಳೆಯದರ ಮೇಲೇ ನನಗೆ ನಂಬಿಕೆ ಜಾಸ್ತಿ.

ಹೊರಡುವ ಮುಂಚಿನ ವಾರ ನಾನು ನೋಡುವುದು ಪೆಟ್ರೋಲ್ ಪೈಪುಗಳನ್ನು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ 20 ಪರ್ಸೆಂಟ್ ಎಥನಾಲ್. ಹಳೆ ಕಾಲದ ರಬ್ಬರಿಗೆ ಅದು ಆಗಿಬರುವುದಿಲ್ಲ. ಪೈಪು ಊದಿಕೊಳ್ಳುತ್ತದೆ, ಆಮೇಲೆ ಬಿರುಕು ಬಿಡುತ್ತದೆ. ಟ್ಯಾಂಕಿನ ತಳದಲ್ಲಿ ವರ್ಷಗಟ್ಟಲೆ ಕೂತಿದ್ದ ಕಸವನ್ನೂ ಎಬ್ಬಿಸುತ್ತದೆ. ಎಥನಾಲ್ ತಡೆಯುವ ಪೈಪು ಹಾಕಿಸಿ, ಪಂಪಿಗೆ ಮುಂಚೆ ಒಳಗಿನ ಕಸ ಕಾಣುವಂಥ ಫಿಲ್ಟರ್ ಹಾಕಿಸಿ. ಖರ್ಚು ಹೆಚ್ಚೇನೂ ಇಲ್ಲ.

ಬೆಳಗ್ಗೆ ಆರಕ್ಕೆ ಮುಂಚೆ ಹೊರಟು, ಮಾಗಡಿಯಲ್ಲಿ ಇಡ್ಲಿ ತಿಂದೆವು. ಹುಲಿಯೂರುದುರ್ಗ ದಾಟಿದ ಮೇಲೆ ಒಂದು ಕಡೆ ರೈತರು ಹುರುಳಿ ಸೊಪ್ಪೆಯನ್ನು ರಸ್ತೆಗೇ ಹರಡಿದ್ದರು. ಗಾಡಿಗಳು ಓಡಾಡಿದರೆ ಕಾಳು ಉದುರಲಿ ಅಂತ. ನಮ್ಮ ಕಾರುಗಳು ನೆಲಕ್ಕೆ ಹತ್ತಿರ. ಒಣ ಸೊಪ್ಪೆ ತಳಕ್ಕೆ ಸಿಕ್ಕಿ, ಕಾದ ಸೈಲೆನ್ಸರಿಗೆ ತಾಗಿದರೆ ಬೆಂಕಿ. ಇಂಥ ಕಡೆ ಆದಷ್ಟೂ ಅಂಚಿನಲ್ಲಿ ದಾಟಿ, ಮುಂದೆ ನಿಲ್ಲಿಸಿ, ಬಗ್ಗಿ ನೋಡಿ, ಕೋಲಿನಿಂದ ಎಳೆದು ಹಾಕಬೇಕು. ಹಾಗೇ ಮಾಡಿದೆವು. ಅಷ್ಟರಲ್ಲಿ ಹೆರಾಲ್ಡ್‌ನವರು ನೀರು ನೋಡಲು ಬಾನೆಟ್ ಎತ್ತಿದರು. ಹೆರಾಲ್ಡಿನ ಬಾನೆಟ್ ಅಂದರೆ ಬರೀ ಮುಚ್ಚಳ ಅಲ್ಲ. ಮಡ್‌ಗಾರ್ಡು, ದೀಪ ಎಲ್ಲ ಸೇರಿ ಇಡೀ ಮೂತಿಯೇ ಮೊಸಳೆ ಬಾಯಿ ತೆರೆದ ಹಾಗೆ ಮುಂದಕ್ಕೆ ಮಗುಚಿಕೊಳ್ಳುತ್ತದೆ. ಹುರುಳಿ ಗುಡಿಸುತ್ತಿದ್ದ ಹೆಂಗಸು ಪೊರಕೆ ಬಿಟ್ಟು ಬಂದು ನೋಡಿ, "ಅಯ್ಯೋ, ಮುರಿದೇ ಹೋಯ್ತಲ್ಲಪ್ಪ!" ಅಂದರು.

ನಾಗಮಂಗಲದಲ್ಲಿ ಟೀ ಕುಡಿದು ಹೊರಟ ಮೇಲೆ ಒಂದು ಪದ್ಮಿನಿ ಎರಡು ಸಲ ಮುಗ್ಗರಿಸಿ ನಿಂತಿತು. ಪೆಟ್ರೋಲ್ ಇದೆ, ಸ್ಪಾರ್ಕ್ ಇದೆ, ಸ್ಟಾರ್ಟ್ ಆಗಲ್ಲ. ಇದು ವೇಪರ್ ಲಾಕ್. ಪದ್ಮಿನಿಯ ಪೆಟ್ರೋಲ್ ಪಂಪ್ ಇಂಜಿನ್ನಿಗೇ ಅಂಟಿಕೊಂಡಿರುತ್ತದೆ. ಕಾರು ಓಡುವಾಗ ಗಾಳಿ ಬಡಿಯುತ್ತದೆ, ಪರವಾಗಿಲ್ಲ. ನಿಂತಾಗಲೇ ಕಷ್ಟ. ಇಂಜಿನ್ ಬಿಸಿಯೆಲ್ಲ ಪಂಪಿಗೆ ಏರಿ, ಒಳಗಿನ ಪೆಟ್ರೋಲ್ ಆವಿಯಾಗುತ್ತದೆ. ಪಂಪು ಆವಿಯನ್ನೇ ಒತ್ತುತ್ತಾ ಕೂರುತ್ತದೆ, ಕಾರ್ಬುರೇಟರಿಗೆ ಏನೂ ಹೋಗುವುದಿಲ್ಲ. ಹತ್ತಿಯ ಟವೆಲ್ ಒದ್ದೆ ಮಾಡಿ ಪಂಪಿಗೆ ಸುತ್ತಿದೆವು. ಚುಯ್ ಅಂತ ಸದ್ದು, ಸ್ವಲ್ಪ ಹಬೆ. ಟವೆಲ್ ಬೆಚ್ಚಗಾದ ಕೂಡಲೇ ಹಿಂಡಿ, ಮತ್ತೆ ನೀರು. ಹತ್ತು ನಿಮಿಷಕ್ಕೆ ಪಂಪು ಕೈಯಲ್ಲಿ ಮುಟ್ಟುವ ಹಾಗಾಯಿತು, ಕಾರು ಎದ್ದಿತು. ಪೈಪಿಗೆ ಮರದ ಬಟ್ಟೆ ಕ್ಲಿಪ್ ಸಿಕ್ಕಿಸುವವರೂ ಇದ್ದಾರೆ. ನನಗೇನೋ ಅದು ದೃಷ್ಟಿ ಬೊಟ್ಟಿನಷ್ಟೇ ಕೆಲಸ ಮಾಡುತ್ತದೆ ಅನ್ನಿಸುತ್ತದೆ. ಟೀಗೆ ನಿಲ್ಲಿಸಿದಾಗ ಬಾನೆಟ್ ಎತ್ತಿಟ್ಟರೆ ಇದು ಎಷ್ಟೋ ಕಡಿಮೆ.

ಈಗ ಗೊತ್ತಾಯಿತಲ್ವಾ, ನೆರಳಿನ ಮಾತು ಯಾಕೆ ಅಂತ? ಊಟಕ್ಕೆ ರೆಸಾರ್ಟ್ ಇರಲಿ ಅಂತ ಕೆಲವರು ಹಟ ಮಾಡಿದ್ದರು. ಅಲ್ಲಿ ಪಾರ್ಕಿಂಗ್ ಅಂದರೆ ಬಟಾ ಬಯಲಿನ ಕಾಂಕ್ರೀಟು. ಜೊತೆಗೆ ಕಾರು ನಿಲ್ಲಿಸಿ ಬರುತ್ತೇನೆ ಅಂತ ಕೀ ಕೇಳುವ ಹುಡುಗರು. ಸ್ಟೀರಿಂಗ್ ಪಕ್ಕದ ಗೇರನ್ನು ಅವರು ಇಂಡಿಕೇಟರ್ ಅಂದುಕೊಳ್ಳುತ್ತಾರೆ, ಪಾಪ. ನಾನು ಹಿಡಿದಿದ್ದು ಜಕ್ಕನಹಳ್ಳಿ ಕಡೆಯ ಒಂದು ತೆಂಗಿನ ತೋಟ. ಬೇಲಿ ಉದ್ದಕ್ಕೂ ದೊಡ್ಡ ಹೊಂಗೆ ಮರಗಳು, ಬಾವಿ ನೀರು, ಗೇಟಿನ ಕಡೆಗೆ ಸ್ವಲ್ಪ ಇಳಿಜಾರು. ಬ್ಯಾಟರಿ ಕೈಕೊಟ್ಟರೆ ಇಬ್ಬರು ತಳ್ಳಿದರೂ ಸ್ಟಾರ್ಟ್ ಆಗುವಷ್ಟು. ಹಿಂದಿನ ವಾರ ಮಧ್ಯಾಹ್ನ ಒಂದಕ್ಕೇ ಹೋಗಿ ನೆರಳು ಎಲ್ಲಿ ಬೀಳುತ್ತದೆ ಅಂತ ನೋಡಿ ಬಂದಿದ್ದೆ. ಬೆಳಗ್ಗೆ ಹೋಗಿ ನೋಡಿದರೆ ಉಪಯೋಗವಿಲ್ಲ.

ಕಾರುಗಳು ಬೆಳಗಿನ ತಂಪಿನಲ್ಲೇ ಬೆಟ್ಟ ಹತ್ತಲಿ ಅಂತ ಮೊದಲು ಮೇಲುಕೋಟೆಗೇ ಹೋಗಿದ್ದೆವು. ಚೆಲುವನಾರಾಯಣನ ದರ್ಶನ, ಕಲ್ಯಾಣಿ, ಕಾಲಿನಲ್ಲಿ ಶಕ್ತಿ ಇದ್ದವರಿಗೆ ಯೋಗನರಸಿಂಹ. ಇಳಿಯುವಾಗ ಎಲ್ಲರಿಗೂ ಒಂದೇ ಮಾತು ಹೇಳಿದ್ದೆ: ಹತ್ತಿದ ಗೇರಿನಲ್ಲೇ ಇಳಿಯಿರಿ. ನಮ್ಮ ಹೆಚ್ಚಿನ ಕಾರುಗಳಿಗೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು, ಕಾಲಿನ ಒತ್ತಡಕ್ಕೆ ಬಲ ಕೊಡುವ ಬೂಸ್ಟರ್ ಇಲ್ಲ. ಉದ್ದಕ್ಕೂ ಒತ್ತಿಕೊಂಡೇ ಬಂದರೆ ಕಾದು, ಬೇಕಾದಾಗ ಹಿಡಿಯುವುದಿಲ್ಲ.

ಪುಳಿಯೋಗರೆ, ಸಕ್ಕರೆ ಪೊಂಗಲ್ ಊರಿನ ಅಡುಗೆಯವರಿಂದಲೇ ಮಾಡಿಸಿದ್ದೆ. ಪುಳಿಯೋಗರೆಗೆ ಕರಿ ಎಳ್ಳು ಧಾರಾಳವಾಗಿ ಬಿದ್ದಿತ್ತು, ಅನ್ನ ಅಗುಳು ಅಗುಳಾಗಿತ್ತು. ಜೊತೆಗೆ ಕೋಸಂಬರಿ, ನೀರು ಮಜ್ಜಿಗೆ. ಬಾಳೆ ಎಲೆ, ನೆಲದ ಮೇಲೆ ಜಮಖಾನ. ಊಟ ಆದ ಮೇಲೆ ಯಾರೂ ಏಳಲಿಲ್ಲ. ಮೂರೂವರೆ ತನಕ ಯಾರನ್ನೂ ಏಳಿಸುವ ಉದ್ದೇಶ ನನಗೂ ಇರಲಿಲ್ಲ.

ವಾಪಸ್ ಬರುವಾಗ ಮಾಗಡಿ ರಸ್ತೆಯ ಭಾನುವಾರ ಸಂಜೆಯ ಟ್ರಾಫಿಕ್ಕಿನದ್ದೇ ಭಯ. ಹಳೆ ಅಂಬಾಸಡರ್‌ನಲ್ಲಿ ಕರೆಂಟ್ ಕೊಡುವುದು ಡೈನಮೋ, ಇಂಜಿನ್ ನಿಧಾನವಾದರೆ ಅದೂ ಸೋಲುತ್ತದೆ, ಸಿಗ್ನಲ್ಲಿನಲ್ಲಿ ನಿಂತರೆ ದೀಪ ಮಂಕಾಗುತ್ತದೆ. ಅವರನ್ನು ಎಲ್ಲರಿಗಿಂತ ಮೊದಲು ಹೊರಡಿಸಿದೆ. ಮನೆ ಮುಟ್ಟಿದ ಮೇಲೆ ಎಲ್ಲರೂ ಫೋನ್ ಮಾಡಬೇಕು ಅನ್ನುವುದು ನಮ್ಮ ಪದ್ಧತಿ. ಮಾಡಿದರು. ಜೊತೆಗೆ ಮುಂದಿನ ಸಲ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗೋಣ ಅನ್ನುವ ಬೇಡಿಕೆಯನ್ನೂ ಇಟ್ಟರು. ಸಕಲೇಶಪುರದ ತನಕ ಆದರೆ ವ್ಯವಸ್ಥೆ ನನ್ನದು, ಅದರಾಚೆ ನೀವೇ ನೋಡಿಕೊಳ್ಳಿ ಅಂದಿದ್ದೇನೆ.